ಕೆರೆ ಹೆಸರು ಹೇಳೋಕೆ ನಾಚಿಕೆ ಯಾಕೆ?

ಹೋದ ಸಂಚಿಕೇಲಿ ಯಾರೋ ಚನ್ನಗಿರಿ ತಾಲ್ಲೂಕಿನ ಸಂತೆಬೆನ್ನೂರಿನ ಹೊಂಡದ ಬಗ್ಗೆ ಕೇಳಿದ್ರು ಅಂತ ಎರಡು ಪ್ಯಾರಾ ಬರ್ದೆ. ಬರ್ದು ಸುಮ್ನಿರಲಾರದೆ ಕೊನೇಲಿ 'ಪಕ್ಕದಲ್ಲೇ ಸೂಳೆಕೆರೆ ಇದೆ, ಅದೇ ನಮ್ಮ ಸೀಮೆ' ಅಂತ ಒಂದು ಸಾಲು ಸೇರಿಸಿಬಿಟ್ಟೆ. ಅಷ್ಟಕ್ಕೇ ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಆ ಕೆರೆ ಮೇಲೇನೇ. ಸರಿ ಬಿಡಿ, ಈ ಸಲ ಬೇರೆ ವಿಷಯ ಬೇಡ. ಮಂಡಿನೋವಿಗೆ ಮನೆಮದ್ದು ಕೇಳಿದೋರು ಮುಂದಿನ ಸಂಚಿಕೆ ತನಕ ತಡ್ಕೊಳ್ಳಿ.

ಪ್ರಶ್ನೆ: ನಮ್ಮೂರು ಕೆರೆಬಿಳಚಿ ಹತ್ರ. ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ. ಟೀಮಲ್ಲಿ 'ನಿಮ್ಮೂರ ಕಡೆ ಏನ್ ಫೇಮಸ್ಸು' ಅಂತ ಕೇಳಿದ್ರೆ ಆ ಕೆರೆ ಹೆಸರು ಹೇಳೋಕೆ ಮುಜುಗರ, ಶಾಂತಿಸಾಗರ ಅಂದ್ಬಿಡ್ತೀನಿ. ಅಪ್ಪ ಫೋನಲ್ಲಿ ಬೈತಾರೆ. ಯಾರದ್ದು ಸರಿ?

ಉತ್ತರ: ನಿಮ್ಮಪ್ಪಂದು. ಇಷ್ಟಕ್ಕೇ ನಿಲ್ಲಿಸಬಹುದಿತ್ತು, ಆದ್ರೆ ನಿಮ್ಮ ಮುಜುಗರ ನಂಗೂ ಗೊತ್ತು. ಶಿವಮೊಗ್ಗದಲ್ಲಿ ಕಾಲೇಜು ಓದುವಾಗ ಹಾಸ್ಟೆಲ್ ಹುಡುಗರು ಈ ಹೆಸರಿಗೆ ಎಷ್ಟು ರೇಗಿಸ್ತಿದ್ರು ಅಂದ್ರೆ, ನಾನೂ ಒಂದು ವರ್ಷ ಪೂರ್ತಿ 'ಚನ್ನಗಿರಿ ಕಡೆ' ಅಂತ ಹೇಳ್ಕೊಂಡು ತಪ್ಪಿಸ್ಕೊಂಡಿದ್ದೋನೇ.

ಈಗ ನಮ್ಮ ಕಡೆ ಹೇಳೋ ಕತೆ ಕೇಳಿ. ಶಾಂತವ್ವ ಅಂತ ಒಬ್ಬ ರಾಜನ ಮಗಳು. ಅವಳಿಂದ ಏನೋ ತಪ್ಪಾಯ್ತು (ಏನು ತಪ್ಪು ಅನ್ನೋದು ಹೇಳೋರ ಮೇಲೆ ಹೋಗುತ್ತೆ, ನಮ್ಮಜ್ಜಿ ಮಕ್ಕಳ ಮುಂದೆ ಒಂದು ಥರ ಹೇಳೋಳು, ಹೆಂಗಸರ ಮುಂದೆ ಇನ್ನೊಂದು ಥರ). ಆ ಪಾಪ ಕಳೀಲಿ ಅಂತ ಕೆರೆ ಕಟ್ಟಿಸೋಕೆ ಹೊರಟ್ಲು. ಎರಡು ಗುಡ್ಡದ ನಡುವೆ ಹರಿದ್ರಾ ಹಳ್ಳ ನುಗ್ಗೋ ಜಾಗ, ಕೆರೆಗೆ ಅದಕ್ಕಿಂತ ಒಳ್ಳೇ ಜಾಗ ಇಲ್ಲ, ಆದ್ರೆ ಮುಳುಗೋ ಕಡೆ ಸೂಳೆಯರ ಕೇರಿ ಇತ್ತು. ಅವರು ಏನಂದ್ರಂತೆ ಅಂದ್ರೆ, ಜಾಗ ಬಿಟ್ಕೊಡ್ತೀವಿ ತಾಯಿ, ಆದ್ರೆ ಕೆರೆಗೆ ನಮ್ಮ ಹೆಸರೇ ಇರಬೇಕು. ಅವಳು ಆಗಲಿ ಅಂದ್ಲು. ಕತೆ ಅಷ್ಟೇ. ಕೆರೆ ಕಟ್ಟಿದ್ದು 11-12ನೇ ಶತಮಾನದಲ್ಲಿ ಅಂತಾರೆ.

ಇದು ನಡೆದಿದ್ದೋ ಕಟ್ಟಿದ್ದೋ ಆಮೇಲಿನ ಮಾತು, ಆದ್ರೆ ಇದರೊಳಗೆ ಒಂದು ಕರಾರು ಇದೆ ನೋಡಿ. ಇವತ್ತು ಡ್ಯಾಮ್ ಕಟ್ಟಿದ್ರೆ ಮುಳುಗಡೆ ಜನಕ್ಕೆ ಪರಿಹಾರ ಕೊಡ್ತಾರಲ್ಲ, ಆ ಹೆಂಗಸರಿಗೆ ಸಿಕ್ಕ ಪರಿಹಾರ ಈ ಹೆಸರು. ನಾವು 800-1,000 ವರ್ಷ ಆ ನೀರು ಕುಡ್ದು, ಆ ನೀರಲ್ಲಿ ಭತ್ತ ಬೆಳ್ದು, ಮದುವೆ ಮುಂಜಿ ಮಾಡ್ಕೊಂಡು, ಈಗ ಕಿವಿಗೆ ಚೆನ್ನಾಗಿ ಕೇಳಲ್ಲ ಅಂತ ಬೋರ್ಡ್ ಬದಲಾಯಿಸಿದ್ರೆ ಕೊಟ್ಟ ಪರಿಹಾರ ವಾಪಸ್ ಕಿತ್ಕೊಂಡ ಹಾಗೆ. ಶಾಂತವ್ವನ ನೆನಪಿಗೇ ಶಾಂತಿಸಾಗರ ಅಂತ ಸಮಜಾಯಿಷಿ ಕೊಡ್ತಾರೆ, ಅಯ್ಯೋ, ಅವಳೇ ಒಪ್ಪಿ ಬಿಟ್ಟುಕೊಟ್ಟ ಹಕ್ಕನ್ನ ಅವಳ ಹೆಸರಲ್ಲಿ ನಾವ್ಯಾಕೆ ಕಿತ್ಕೋಬೇಕು.

ಟೀಮಲ್ಲಿ ನಗ್ತಾರೆ ಅನ್ನಿಸಿದ್ರೆ ಮೊದ್ಲು ಕತೆ ಹೇಳಿ, ಹೆಸರು ಕೊನೇಲಿ ಹೇಳಿ. ನಾನು ಹಾಗೇ ಮಾಡೋದು. ಇಲ್ಲೀ ತನಕ ಯಾರೂ ನಕ್ಕಿಲ್ಲ.

ಪ್ರಶ್ನೆ: ಸೂಳೆಕೆರೆ ಏಷ್ಯಾದಲ್ಲೇ ಎರಡನೇ ದೊಡ್ಡ ಕೆರೆಯಂತೆ, ನಿಜವೇ? ಮೊದಲನೇದು ಯಾವುದು?

ಉತ್ತರ: ಆಂಧ್ರದ ಕಂಭಂ ಕೆರೆಯೋರೂ ತಮ್ಮದೇ ಎರಡನೇದು ಅಂತಾರೆ. ಎಲ್ರೂ ಎರಡನೇ ಜಾಗಕ್ಕೇ ಜಗಳ ಆಡ್ತಾರೆ, ಮೊದಲನೇ ಜಾಗ ಯಾರಿಗೂ ಬೇಡ. ನಾನಂತೂ ಆ ಸಾಲು ಬರೆಯೋದು ಬಿಟ್ಟಿದೀನಿ.

ಪ್ರಶ್ನೆ: ಎಂಜಿನಿಯರಿಂಗ್ ವಿದ್ಯಾರ್ಥಿ. ಕೆರೆ ನೋಡಿ ಬಂದೆ. ಅಷ್ಟು ದೊಡ್ಡ ನೀರು, ಅದರ ಏರಿ (ಮಣ್ಣಿನ ಒಡ್ಡು) ನೋಡಿದ್ರೆ ಇಷ್ಟೇ ಇಷ್ಟು. ಹೇಗೆ ತಡೆಯುತ್ತೆ?

ಉತ್ತರ: ತಡೆಯೋದು ಏರಿ ಅಲ್ಲಪ್ಪ, ಗುಡ್ಡ. ಏರಿ ಬರೀ ಬಾಗಿಲು. ಜಾಗ ಆರಿಸಿದೋನ ತಲೆ ಅಲ್ಲೇ ಇರೋದು, ಎರಡು ಗುಡ್ಡ ಹತ್ರ ಬರೋ ಕಡೆ ಹಳ್ಳ ಹಿಡಿದ, ಸಂದು ಮುಚ್ಚಿದ, ಹಿಂದೆ ನೀರು ತಾನೇ ಹರಡ್ಕೊಂತು. ತುಂಬಿದಾಗ ನೀರು ನಿಲ್ಲೋ ಜಾಗ ಸುಮಾರು 6,550 ಎಕರೆ, ಅದಕ್ಕೆ ಮಳೆ ನೀರು ಬಸಿದು ಬರೋ ಪ್ರದೇಶ ಹೆಚ್ಚುಕಡಿಮೆ 330 ಚದರ ಕಿಲೋಮೀಟರ್. ನೀರು ಹೊರಗೆ ಬಿಡೋಕೆ ಎರಡು ತೂಬು, ಎರಡು ನಾಲೆ, ಒಂದು ಸಿದ್ದ ನಾಲೆ ಇನ್ನೊಂದು ಬಸವ ನಾಲೆ. ಮಿಕ್ಕಿದ ನೀರು ಹರಿದ್ರಾ ಹಿಡ್ಕೊಂಡು ಹರಿಹರದಲ್ಲಿ ತುಂಗಭದ್ರೆಗೆ ಸೇರುತ್ತೆ. ಇಷ್ಟರ ಮೇಲೆ ಚಿತ್ರದುರ್ಗದ ಊರಿಗೂ ಕುಡಿಯೋ ನೀರು ಇಲ್ಲಿಂದಾನೇ ಹೋಗುತ್ತೆ, ದುರ್ಗದೋರು ಎಷ್ಟು ಜನಕ್ಕೆ ಅದು ಗೊತ್ತು ಅಂತ ನಂಗೆ ಅನುಮಾನ.

ಮುಂದಿನ ಸಲ ಹೋದ್ರೆ ಏರಿ ಮೇಲಿನ ಡಾಂಬರ್ ರಸ್ತೇಲಿ ಸೆಲ್ಫಿ ತಗೊಂಡು ವಾಪಸ್ ಬರಬೇಡಿ, ಸಿದ್ದೇಶ್ವರನ ಗುಡಿ ಕಡೆಯಿಂದ ಸ್ವಲ್ಪ ಗುಡ್ಡ ಹತ್ತಿ. ಒಂದು ಕಡೆ ನೀರು, ಇನ್ನೊಂದು ಕಡೆ ಅಚ್ಚುಕಟ್ಟಿನ (ಕೆರೆ ನೀರು ಹಾಯೋ ಗದ್ದೆಗಳ) ಹಸಿರು, ನಡುವೆ ಆ ಪುಟ್ಟ ಏರಿ. ಒಂದು ಸೆಮಿಸ್ಟರ್ ಪಾಠ ಅಲ್ಲೇ ಆಗುತ್ತೆ.

ಪ್ರಶ್ನೆ: ನಿಮ್ದು ಶಿವಮೊಗ್ಗ ಜಿಲ್ಲೆಯೋ ದಾವಣಗೆರೆಯೋ? ಒಂದ್ಸಲ ಅದು ಅಂತೀರಿ ಒಂದ್ಸಲ ಇದು ಅಂತೀರಿ.

ಉತ್ತರ: ಹುಟ್ಟಿದ್ದು ಶಿವಮೊಗ್ಗ ಜಿಲ್ಲೇಲಿ, ಈಗ ಇರೋದು ದಾವಣಗೆರೇಲಿ, ಮನೆ ಮಾತ್ರ ಅದೇ. ನಮ್ಮ ತಾಲ್ಲೂಕಿನ ಕಾರಿಗನೂರಿನ ಜೆ.ಎಚ್. ಪಟೇಲರು ಮುಖ್ಯಮಂತ್ರಿ ಆಗಿದ್ದಾಗ 1997ರಲ್ಲಿ ದಾವಣಗೆರೆ ಜಿಲ್ಲೆ ಆಯ್ತು, ಚನ್ನಗಿರಿ ತಾಲ್ಲೂಕು ಈ ಕಡೆ ಬಂತು. ಜಿಲ್ಲೆ ಕೇಳೋ ಬದ್ಲು ಸೀಮೆ ಕೇಳಿ, ಸುಲಭ. ದಾವಣಗೆರೆ, ಹೊಳಲ್ಕೆರೆ, ತರೀಕೆರೆ, ಸುತ್ತ ಯಾವ ಊರ ಬಸ್ ಬೋರ್ಡ್ ನೋಡಿದ್ರೂ ಕೊನೇಲಿ ಕೆರೆ ಇರುತ್ತೆ. ನಮ್ದು ಕೆರೆ ಸೀಮೆ.

ಪ್ರಶ್ನೆ: ಕೆರೆ ಅಚ್ಚುಕಟ್ಟಲ್ಲಿ ನಮ್ದು 2 ಎಕರೆ ಗದ್ದೆ. ಸುತ್ತಮುತ್ತ ಎಲ್ರೂ ಅಡಿಕೆ ಹಾಕಿದಾರೆ, ನಾವೊಬ್ರೇ ಭತ್ತ. ಮಗ ಅಡಿಕೆ ಇಡೋಣ ಅಂತ ಹಠ. ಭತ್ತಕ್ಕಿಂತ ಅಡಿಕೆಗೆ ನೀರು ಕಮ್ಮಿ ಸಾಕು ಅಂತ ಲೆಕ್ಕ ತೋರಿಸ್ತಾನೆ. ಅವನ ಲೆಕ್ಕ ಸರಿ ಇದೆಯಾ?

ಉತ್ತರ: ಲೆಕ್ಕ ಸರಿ ಇದೆ ಯಜಮಾನ್ರೇ, ಅದೇ ತೊಂದ್ರೆ.

ಎಕರೆ ಭತ್ತ ಒಂದು ಬೆಳೆಗೆ ಹತ್ತತ್ರ 45-50 ಲಕ್ಷ ಲೀಟರ್ ನೀರು ಕುಡಿಯುತ್ತೆ. ಅಡಿಕೆ ಎಕರೆಗೆ 550 ಗಿಡ ಅಂತ ಹಿಡಿರಿ, ಡ್ರಿಪ್ಪಲ್ಲಿ ಬೇಸಿಗೆಗೆ ಗಿಡಕ್ಕೆ ದಿನಕ್ಕೆ 15-20 ಲೀಟರ್, ಅಂದ್ರೆ ದಿನಕ್ಕೆ 10 ಸಾವಿರ ಲೀಟರ್ ಆಸುಪಾಸು, ವರ್ಷದಲ್ಲಿ ಐದಾರು ತಿಂಗಳು ಕೊಟ್ರೂ 15-18 ಲಕ್ಷಕ್ಕೆ ಮುಗೀತು. ಭತ್ತದ ಅರ್ಧಾನೂ ಇಲ್ಲ. ಮಗ ಪಾಸು.

ಆದ್ರೆ ಅವನು ತಿಂಗಳು ಲೆಕ್ಕ ಹಾಕಿಲ್ಲ. ಭತ್ತ ನೀರು ಕುಡಿಯೋದು ಕೆರೇಲಿ ನೀರಿದ್ದಾಗ. ಕೆರೆ ತುಂಬಿಲ್ಲ ಅಂದ್ರೆ ಆ ವರ್ಷ ಭತ್ತ ಹಚ್ಚಲ್ಲ, ರಾಗಿನೋ ಜೋಳನೋ ಹಾಕ್ತೀವಿ, ಇಲ್ಲ ಬೀಳು ಬಿಡ್ತೀವಿ, ಹೊಟ್ಟೆ ಬಟ್ಟೆ ಕಟ್ಕೊಂಡು ಒಂದು ವರ್ಷ ಕಳೀತು ಅಂದ್ರೆ ಮುಂದಿನ ಮಳೆಗೆ ಗದ್ದೆ ಮತ್ತೆ ಗದ್ದೇನೇ. ಅಡಿಕೆಗೆ ನೀರು ಬೇಕಾಗೋದು ಮಾರ್ಚ್, ಏಪ್ರಿಲ್, ಮೇ, ಕೆರೆ ತಳ ಬಿರುಕು ಬಿಡೋ ಹೊತ್ತಲ್ಲಿ. ಆಗ ಅದಕ್ಕೆ 'ಈ ವರ್ಷ ಬೇಡ ಕಣಪ್ಪ, ಮುಂದಿನ ವರ್ಷ ಕೊಡ್ತೀನಿ' ಅಂತ ಹೇಳೋಕಾಗಲ್ಲ. ಫಸಲಿಗೆ ಬರೋಕೆ ಐದಾರು ವರ್ಷ ತಗೊಂಡಿರುತ್ತೆ, ಎರಡು ತಿಂಗಳಲ್ಲಿ ಸುಳಿ ಒಣಗಿ ಹೋಗುತ್ತೆ. 2024ರ ಬೇಸಿಗೇಲಿ ನಮ್ಮ ತಾಲ್ಲೂಕಲ್ಲಿ ತೋಟಕ್ಕೆ ಟ್ಯಾಂಕರ್ ನೀರು ಹೊಡಿಸಿದ್ದು ನೀವೇ ನೋಡಿರ್ತೀರ. ರಾತ್ರಿ ಹನ್ನೊಂದು ಗಂಟೇಲೂ ಟ್ರ್ಯಾಕ್ಟರ್ ಸದ್ದು, ನಾಳೆ ನಂಬರ್ ಬರುತ್ತೆ ಅಂತ ಕಾಯೋರು ಬೇರೆ.

ನಮ್ಮ ತಾತನ ಕಾಲದಲ್ಲಿ ನಮ್ಮೂರ ಚಿಕ್ಕ ಕೆರೆ ಅರ್ಧ ತುಂಬಿದ್ರೆ ಗುಡಿ ಕಟ್ಟೆ ಮೇಲೆ ಕೂತು ಮಾತಾಡೋರಂತೆ, ಈ ವರ್ಷ ತೂಬಿನ ಹತ್ತಿರದ ಅರ್ಧ ಗದ್ದೆ ಮಾತ್ರ ನಾಟಿ, ಉಳಿದೋರಿಗೂ ಅದರಲ್ಲೇ ಒಂದೊಂದು ತುಂಡು ಹಂಚೋದು. ಜಗಳ ಇರ್ತಿತ್ತು, ಒಬ್ಬೊಬ್ರ ತಲೆನೂ ಒಡೆದಿದೆ, ಆದ್ರೂ ಕೊರತೆನ ಹಂಚ್ಕೊಳ್ಳೋ ಒಂದು ದಾರಿ ಇತ್ತು. ಆ ದಾರಿ ನಡೀತಿದ್ದುದು ಭತ್ತ ಒಂದು ವರ್ಷ ಬಿಡಬಹುದಾದ ಬೆಳೆ ಆಗಿದ್ದಕ್ಕೆ. ಬಿಡೋಕಾಗದ ಬೆಳೆ ಎಲ್ರ ಹೊಲದಲ್ಲೂ ಇದ್ರೆ ಕಟ್ಟೆ ಮೇಲೆ ಕೂತು ಏನು ಮಾತಾಡ್ತೀರಿ? ಎಲ್ರೂ ಬೋರ್ ಕೊರೆಸ್ತಾರೆ, ಯಾರ ಬೋರ್ ಆಳವೋ ಅವನ ತೋಟ ಉಳಿಯುತ್ತೆ.

ಇದನ್ನ ಓದಿ ಮಗ 'ಆ ಉತ್ತರ ಬರೆಯೋರದ್ದೇನು ಹೋಗುತ್ತೆ' ಅಂತಾನೆ, ಗೊತ್ತು. ನಂದೂ ಮುಕ್ಕಾಲು ಎಕರೆ ಅಡಿಕೆ ಇದೆ ಮಾರಾಯ. ಸೀಸನ್ನಲ್ಲಿ ಕೇಣಿ (ಫಸಲಿನ ಗುತ್ತಿಗೆ) ಹಿಡಿದೋನು ಅಡಿಕೆ ಗೊನೆ ಇಳಿಸಿ ಲೋಡ್ ಮಾಡ್ಕೊಂಡು ಹೋಗಿ ದುಡ್ಡು ಎಣಿಸಿ ಕೊಟ್ಟಾಗ ಭತ್ತದ ನೆನಪೂ ಬರಲ್ಲ. ಊರಲ್ಲಿ ಹೆಂಗಸರು ಶೆಡ್ಡಲ್ಲಿ ಸಾಲಾಗಿ ಕೂತು ಮೆಟ್ಟುಗತ್ತಿ ಮೇಲೆ ಅಡಿಕೆ ಸುಲೀತಾರೆ, ಕೈಯೆಲ್ಲಾ ಕಪ್ಪು, ತೊಳೆದ್ರೂ ಹೋಗಲ್ಲ, ಹಂಡೇಲಿ ಬೇಯೋ ಅಡಿಕೆಯ ಚೊಗರು ವಾಸನೆ ಬೀದಿ ತುಂಬಾ. ಈ ಕಡೆ ಮಕ್ಕಳ ಕಾಲೇಜ್ ಫೀಸು, ಮನೆಗೆ ಆರ್‌ಸಿಸಿ, ಎಲ್ಲಾ ಆ ವಾಸನೆಯಿಂದಾನೇ ಬಂದಿರೋದು. ಅಡಿಕೆ ಬೇಡ ಅನ್ನೋ ಬಾಯಿ ನಂಗಿಲ್ಲ.

ಹಂಗಾಗಿ ನನ್ನ ಮಾತು ಇಷ್ಟು. ಎರಡು ಎಕರೆಗೂ ಅಡಿಕೆ ಇಡಬೇಡಿ. ಒಂದು ಎಕರೆ ಇಡಿ, ಅದೂ ಪಕ್ಕದ ತೋಟದೋರ ಬೋರ್ ಏಪ್ರಿಲ್ ತಿಂಗಳಲ್ಲಿ ಎಷ್ಟು ಗಂಟೆ ನೀರು ಎತ್ತುತ್ತೆ ಅಂತ ಖುದ್ದು ನಿಂತು ನೋಡಿದ ಮೇಲೆ. ಅಕ್ಟೋಬರಲ್ಲಿ ಕೇಳಿದ್ರೆ ಎಲ್ರೂ 'ಭರ್ಜರಿ ನೀರು' ಅಂತಾನೇ ಹೇಳೋದು. ಇನ್ನೊಂದು ಎಕರೆ ಗದ್ದೆ ಆಗೇ ಇರಲಿ. ಬೇಸಿಗೇಲಿ ಕೆರೆಯಿಂದ ಗೋಡು (ಹೂಳು) ಮಣ್ಣು ಹೊಡ್ಕೊಳ್ಳೋಕೆ ಅವಕಾಶ ಸಿಕ್ಕಿದ್ರೆ ಅದಕ್ಕೆ ನಾಲ್ಕು ಲೋಡು ಹಾಕಿಸಿ, ಗೊಬ್ಬರದ ಖರ್ಚು ಉಳಿಯುತ್ತೆ, ಕೆರೆ ಹೊಟ್ಟೇಲೂ ಸ್ವಲ್ಪ ಜಾಗ ಆಗುತ್ತೆ.

ಪ್ರಶ್ನೆ: ನಮ್ಮೂರ ಕೆರೆ ಹತ್ರ ಲೇಔಟ್ ಮಾಡಿದಾರೆ, ಲೇಕ್ ವ್ಯೂ ಸೈಟು, ರೇಟು ಕಮ್ಮಿ. ತಗೋಬಹುದಾ?

ಉತ್ತರ: ವ್ಯೂ ಕೆರೆಯಿಂದ ಎಷ್ಟು ದೂರ ಅಂತ ಮೊದ್ಲು ನೋಡಿ. ಪಹಣಿ ಒಂದನ್ನೇ ನಂಬಬೇಡಿ, ಸರ್ವೆ ಆಫೀಸಲ್ಲಿ ಗ್ರಾಮ ನಕಾಶೆ ತೆಗೆಸಿ, ಕೆರೆ ಅಂಗಳದ ಗೆರೆ ಎಲ್ಲಿದೆ, ರಾಜಕಾಲುವೆ ಎಲ್ಲಿ ಹಾದು ಹೋಗಿದೆ ಅಂತ ಬೆರಳಿಟ್ಟು ನೋಡಿ, ಬಿ ಖರಾಬು (ಸಾರ್ವಜನಿಕ ಉಪಯೋಗಕ್ಕೆ ಬಿಟ್ಟ ಜಾಗ) ಅಂತ ಇದ್ರೆ ಟೀ ಕುಡ್ದು ಎದ್ದು ಬನ್ನಿ. ನಮ್ಮ ಷಡ್ಕ ಒಬ್ರು ಬೇರೆ ಊರಲ್ಲಿ ಹೀಗೇ ಅಗ್ಗಕ್ಕೆ ಸಿಕ್ತು ಅಂತ ತಗೊಂಡ್ರು. ನಾಲ್ಕು ವರ್ಷ ಮಳೆ ಇಲ್ಲದೆ ಕೆರೆ ಎಲ್ಲಿದೆ ಅಂತಾನೇ ಗೊತ್ತಾಗ್ತಿರಲಿಲ್ಲ, ಹುಡುಗರು ಕ್ರಿಕೆಟ್ ಆಡ್ತಿದ್ರು. ಐದನೇ ವರ್ಷ ಒಂದೇ ರಾತ್ರಿ ಮಳೆಗೆ ಕೆರೆ ವಾಪಸ್ ಬಂತು, ಬೆಳಗ್ಗೆ ನೋಡಿದ್ರೆ ಇವರ ಅಡುಗೆಮನೇಲಿ ಗ್ಯಾಸ್ ಸಿಲಿಂಡರ್ ತೇಲ್ತಿತ್ತು. ಮಾರಿದೋನ ಫೋನ್ ಆಗಿಂದ ಸ್ವಿಚ್ ಆಫು.

ಪ್ರಶ್ನೆ: ಇಷ್ಟೆಲ್ಲಾ ನೀರಿನ ಕಷ್ಟ ಅಂತೀರಲ್ಲ, ಸರ್ಕಾರ ಹೊಸ ಕೆರೆ ಯಾಕೆ ಕಟ್ಟಬಾರದು?

ಉತ್ತರ: ಕಟ್ಟೋಕೆ ಜಾಗ ಎಲ್ಲಿದೆ? ಇದನ್ನ ನಾನು ಹೇಳ್ತಿಲ್ಲ, 1866ರಲ್ಲೇ ಮೈಸೂರಿನ ಚೀಫ್ ಎಂಜಿನಿಯರ್ ಆಗಿದ್ದ ಸ್ಯಾಂಕಿ ಹೇಳಿದ್ದು, ಬೆಂಗಳೂರಿನ ಸ್ಯಾಂಕಿ ಕೆರೆ ಇದೆಯಲ್ಲ, ಅದೇ ಸ್ಯಾಂಕಿ. ಆಗಿನ ಮೈಸೂರು ಸಂಸ್ಥಾನದ 27,269 ಚದರ ಮೈಲಿಯಲ್ಲಿ ಹತ್ತತ್ರ ನೂರಕ್ಕೆ 60 ಭಾಗ ಕೆರೆಗಳ ಲೆಕ್ಕಕ್ಕೆ ಬಂದ್ಬಿಟ್ಟಿದೆ, ಹೊಸ ಕೆರೆಗೆ ಜಾಗ ಹುಡುಕೋದೇ ಒಂದು ಸಾಹಸ, ಕಟ್ಟಿದ್ರೂ ಅದೇ ಹಳ್ಳದಲ್ಲಿ ಕೆಳಗಿರೋ ಇನ್ನೊಂದು ಕೆರೆ ನೀರು ನಿಲ್ಲಿಸಿದ ಹಾಗೆ ಆಗುತ್ತೆ ಅಂತ. ನಮ್ಮ ಕೆರೆಗಳು ಒಂಟಿ ಅಲ್ಲ, ಸರಪಳಿ. ಮೇಲಿನ ಕೆರೆ ತುಂಬಿ ಕೋಡಿ ಬಿದ್ರೆ ಆ ನೀರು ಕೆಳಗಿನ ಕೆರೆಗೆ, ಅದು ತುಂಬಿದ್ರೆ ಇನ್ನೂ ಕೆಳಗೆ. ಈಗಿನೋರು ಮೇಲೆ ಚೆಕ್ ಡ್ಯಾಮ್ ಮೇಲೆ ಚೆಕ್ ಡ್ಯಾಮ್ ಕಟ್ಟಿ ಕೆಳಗೆ ಕೆರೆ ತುಂಬ್ತಿಲ್ಲ ಅಂತ ಹೋಮ ಮಾಡಿಸ್ತಾರೆ. ಇರೋ ಕೆರೆಗಳ ಕಾಲುವೆ ಬಿಡಿಸಿದ್ರೆ ಸಾಕಿತ್ತು.

ಪ್ರಶ್ನೆ: ಕೆರೆ ಗೌರಿ ಮೀನು ನಮ್ಮ ಮೂಲ ಮೀನಾ?

ಉತ್ತರ: ಅಲ್ಲ. ಗೌರಿ ಅಂದ್ರೆ ಕಾಮನ್ ಕಾರ್ಪು, ಹೊರದೇಶದಿಂದ ಬಂದಿದ್ದು, 1939ರಲ್ಲಿ ಒಂದು ತಳಿ, 1957ರಲ್ಲಿ ಇನ್ನೊಂದು. ಮೂಗುತಿ ಹಾಕಿ ಗೌರಿ ಅಂತ ಹೆಸರಿಟ್ಟು ಮನೆಮಗಳು ಮಾಡ್ಕೊಂಡಿದೀವಿ. ಸಾರಿಗೆ ಹುಳಿ ಜಾಸ್ತಿ ಬಿಡಿ, ಆ ಕೆಸರು ವಾಸನೆ ಹೋಗುತ್ತೆ.

ಪ್ರಶ್ನೆ: ಫ್ಯಾಮಿಲಿ ಜೊತೆ ಒಂದು ದಿನ ನಿಮ್ಮ ಕಡೆ ಬರಬೇಕು ಅಂತಿದೀವಿ. ಏನೇನು ನೋಡೋದು?

ಉತ್ತರ: ದಾವಣಗೆರೆಯಿಂದ ಚನ್ನಗಿರಿ ರಸ್ತೆ ಹಿಡೀರಿ, ಸಂತೆಬೆನ್ನೂರು ಸಿಗುತ್ತೆ. ಊರು ಸಣ್ಣದು, ಒಂದು ಬಸ್‌ಸ್ಟ್ಯಾಂಡು, ನಾಲ್ಕು ಗೊಬ್ಬರದಂಗಡಿ, ಮಿರ್ಚಿ ಮಂಡಕ್ಕಿ. ಅದರ ಒಳಗೆ ಹೊಂಡ. ಮೊದಲ ಸಲ ನೋಡೋರಿಗೆ ಈ ಊರಲ್ಲಿ ಇದು ಹೆಂಗಪ್ಪಾ ಅನ್ನಿಸುತ್ತೆ. ನಾಲ್ಕೂ ಕಡೆ ಕಲ್ಲಿನ ಮೆಟ್ಟಿಲು, ನೀರಿನ ನಡುವೆ ಮಂಟಪ. 16ನೇ ಶತಮಾನದಲ್ಲಿ ಕೆಂಗ ಹನುಮಪ್ಪ ನಾಯಕ ಕಟ್ಟಿಸಿದ್ದು, ಆಮೇಲೆ ಬಿಜಾಪುರದ ಸೇನಾಪತಿ ರಣದುಲ್ಲಾ ಖಾನ್ ಕಾಲದಲ್ಲಿ ಪಕ್ಕದಲ್ಲಿ ಮುಸಾಫಿರ್‌ಖಾನೆ (ದಾರಿಹೋಕರು ತಂಗೋ ಮನೆ) ಬಂತು. ಮಧ್ಯಾಹ್ನ ಬೇಡ, ಕಲ್ಲು ಕಾದಿರುತ್ತೆ. ಬೆಳಗ್ಗೆ ಹೊಂಡ, ಸಂಜೆ ಸೂಳೆಕೆರೆ, ಮಧ್ಯ ಯಾರಾದ್ರೂ ನೆಂಟರ ಮನೇಲಿ ಊಟ. ನೆಂಟರಿಲ್ಲದಿದ್ರೆ ದಾವಣಗೆರೇಲೇ ಬೆಣ್ಣೆ ದೋಸೆ ತಿಂದ್ಕೊಂಡು ಹೊರಡಿ. ಕೆರೇಲಿ ಮಕ್ಕಳನ್ನ ನೀರಿಗಿಳಿಸಬೇಡಿ, ಹೂಳಲ್ಲಿ ಕಾಲು ಸಿಕ್ಕಿದ್ರೆ ಕಷ್ಟ.

ಪ್ರಶ್ನೆ: ನಾನು 8ನೇ ಕ್ಲಾಸು. ಪ್ರಾಜೆಕ್ಟಿಗೆ 'ನೀರುಗಂಟಿ' ಬಗ್ಗೆ ಬರೀಬೇಕು. ನಮ್ಮನೇಲಿ ಯಾರಿಗೂ ಗೊತ್ತಿಲ್ಲ. ಅದು ಗಂಟೆ ಹೊಡೆಯೋ ಕೆಲಸಾನಾ?

ಉತ್ತರ: ಗಂಟೆ ಅಲ್ಲ ಪುಟ್ಟಾ. ಕೆರೆ ತೂಬು ತೆಗೆದು ಹಾಕೋ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಹಂಚೋ ಮನುಷ್ಯ. ಹಳೇ ಕಾಲದಲ್ಲಿ ಊರಿಗೆ ಕಮ್ಮಾರ, ಬಡಗಿ, ಅಗಸ ಅಂತ ಆಯಗಾರರು ಇರ್ತಿದ್ರಲ್ಲ, ನೀರುಗಂಟಿನೂ ಅವರಲ್ಲಿ ಒಬ್ಬ. ಸಂಬಳ ಇಲ್ಲ, ಸುಗ್ಗೀಲಿ ಪ್ರತಿ ಕಣದಿಂದ ಇಷ್ಟು ಭತ್ತ ಅಂತ ಅವನಿಗೆ ಆಯ ಸಲ್ಲೋದು. ಈಗ ಭದ್ರಾ ನಾಲೆ ಕಡೆ ದಿನಗೂಲಿಗೆ ನೀರು ಬಿಡೋ ಕೆಲಸ ಮಾಡೋ ಸೌಡಿಗಳು ಇದಾರೆ, ಹತ್ತಿರದಲ್ಲಿ ಯಾರಾದ್ರೂ ಸಿಕ್ಕಿದ್ರೆ ಅವರನ್ನೂ ಮಾತಾಡ್ಸು, ಪ್ರಾಜೆಕ್ಟಿಗೆ ಒಂದು ಫೋಟೋ ಆಗುತ್ತೆ.

ನಮ್ಮೂರ ಚಿಕ್ಕ ಕೆರೆ ನೀರುಗಂಟಿನ ನಾನು ನಿನ್ನಷ್ಟು ಇದ್ದಾಗ ನೋಡಿದೀನಿ. ಹೆಗಲ ಮೇಲೆ ಸನಿಕೆ, ತಲೆ ಮೇಲೆ ಗೋಣಿಚೀಲದ ಕೊಪ್ಪೆ. ಅವನಿಗೆ ಆ ಅಚ್ಚುಕಟ್ಟಲ್ಲಿ ಒಂದು ಗುಂಟೆ ಜಮೀನೂ ಇರಲಿಲ್ಲ, ಅದಕ್ಕೇ ಅವನ ಮಾತು ನಡೀತಿತ್ತು, ಅವನಿಗೆ ಯಾರ ಪರ ಮಾಡೋಕೂ ಕಾರಣ ಇಲ್ಲ ಅಂತ. ಮಳೆಗಾಲದ ರಾತ್ರಿ ಏರಿ ಉದ್ದಕ್ಕೂ ಬರಿಗಾಲಲ್ಲಿ ನಡೀತಿದ್ದ. ಯಾಕೆ ಬರಿಗಾಲು ಅಂತ ಕೇಳಿದ್ದೆ. ಏಡಿ ತೂತಿಂದ ನೀರು ಜಿನುಗ್ತಿದ್ರೆ ಲಾಟೀನಿಗೆ ಕಾಣಲ್ಲ ಮಗಾ, ಕಾಲಿಗೆ ತಣ್ಣಗಾಗ್ತೈತೆ ಅಂದ. ತಣ್ಣಗಾದ ಕಡೆ ಕೂತು ಹುಲ್ಲು, ಜೇಡಿಮಣ್ಣು ಮೆತ್ತಿ ಮುಚ್ಚಿ ಮುಂದಕ್ಕೆ ಹೋಗೋನು.

ಇಷ್ಟು ಬರಿ, ಕೆರೆ, ಏರಿ, ತೂಬು, ಕೋಡಿ ನಾಲ್ಕೂ ಗುರುತು ಹಾಕಿ ಒಂದು ಚಿತ್ರ ಬಿಡಿಸು. ಇದು ಯಾವ ಪುಸ್ತಕದಲ್ಲಿದೆ ಅಂತ ಮೇಷ್ಟ್ರು ಕೇಳಿದ್ರೆ ಈ ಪುಟ ಕತ್ತರಿಸಿ ಅಂಟಿಸು. ಹಿಂದಿನ ಪುಟದಲ್ಲಿ ಅಮ್ಮನ ಹೊಸರುಚಿ ಇದ್ರೆ ಮೊದ್ಲು ಅವರನ್ನ ಕೇಳಿ ಕತ್ತರಿಸು.